ಟ್ಯಾಂಕಿನ ಮೇಲಿಂದ ಕಂಡವರು

ನನ್ನ ಹತ್ತಿರ ತಿಳಿಹಸಿರು ಬಣ್ಣದ ಒಂದು ಚೂಡಿದಾರ ಇದೆ. ಅದರ ಎರಡೂ ಮೊಣಕಾಲುಗಳ ಮೇಲೆ ಕಬ್ಬಿಣದ ತುಕ್ಕಿನ ಕಲೆ. ನಿಂಬೆಹಣ್ಣು ಉಜ್ಜಿ ನೋಡಿದೆ, ಉಪ್ಪು ಸವರಿ ಬಿಸಿಲಿಗೆ ಹರವಿದೆ, ಪಕ್ಕದ ಮನೆಯವರು ಹೇಳಿದರೆಂದು ಮೊಸರನ್ನೂ ಹಚ್ಚಿದೆ. ಕಲೆ ಹೋಗಲಿಲ್ಲ, ಮೊಸರಿನ ವಾಸನೆ ಮಾತ್ರ ಎರಡು ಒಗೆತದ ತನಕ ಉಳಿಯಿತು. ಅದನ್ನು ಹಾಕಿಕೊಂಡು ಶಾಲೆಗೆ ಹೋದ ದಿನ ನಮ್ಮ ಹೆಡ್‌ಮಾಸ್ಟರು ಕನ್ನಡಕದ ಮೇಲಿಂದ ನೋಡಿ, "ಟೀಚರೇ, ಐವತ್ತು ದಾಟಿದ ಮೇಲೆ ಮೊಣಕಾಲಿಗೆ ತುಕ್ಕು ಹಿಡಿಯೋದು ಸಹಜ. ಹೊರಗಡೆಗೇ ಕಾಣೋ ಹಾಗೆ ಹಿಡಿದಿದ್ದನ್ನ ಮಾತ್ರ ಇವತ್ತೇ ನೋಡಿದ್ದು" ಎಂದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಕಲೆ ಹೇಗಾಯಿತು ಎಂದು ಹೇಳಲಿಲ್ಲ. ಅದು ಸ್ಟಾಫ್ ರೂಮಿನಲ್ಲಿ ಹೇಳುವಂಥದ್ದಲ್ಲ. ನಿಮಗಾದರೆ ಹೇಳಬಹುದು.

ಸೋಮವಾರಪೇಟೆಯಲ್ಲಿ ಫೋಟೋ ಹುಚ್ಚಿನವರ ಒಂದು ವಾಟ್ಸ್ಯಾಪ್ ಗುಂಪಿದೆ. ಗುಂಪಿನಲ್ಲಿ ಹನ್ನೊಂದು ಜನ. ಅದರಲ್ಲಿ ಏಳು ಜನ ಬೆಳಿಗ್ಗೆ ಗುಡ್ ಮಾರ್ನಿಂಗ್ ಹಾಕುವುದಕ್ಕೆ ಮಾತ್ರ ಇರುವವರು. ಉಳಿದ ನಾಲ್ವರು ನಾವು ಭಾನುವಾರ ಸಂಜೆ ನಾಲ್ಕಕ್ಕೆ ಸಲೀಮನ ಬೇಕರಿಯ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಅಲ್ಲಿ ಮೈದಾ ಮೂಟೆಗಳ ಮೇಲ್ಗಡೆ ಗೋಡೆಗೆ ಒಂದು ಟೀವಿ ಇದೆ. ವಾರವಿಡೀ ತೆಗೆದ ಫೋಟೋಗಳನ್ನು ಅದರಲ್ಲಿ ದೊಡ್ಡದಾಗಿ ಹಾಕಿಕೊಂಡು, ಒಬ್ಬರದನ್ನೊಬ್ಬರು ಹೊಗಳಿ, ತೆಗಳಿ, ದಿಲ್‌ಪಸಂದ್ ತಿಂದು ಏಳುತ್ತೇವೆ.

ಗುಂಪಿನ ಹಿರಿಯರು ಪೂವಯ್ಯನವರು. ಅವರ ತಂದೆ ನಡೆಸುತ್ತಿದ್ದ ಮರದ ಮಿಲ್ಲು ಮುಚ್ಚಿ ಬಹಳ ಕಾಲವಾಯಿತು. ಮಿಲ್ಲಿನ ಜಾಗ, ಅದರೊಳಗಿನ ಹಳೆಯ ಕಬ್ಬಿಣದ ನೀರಿನ ಟ್ಯಾಂಕು, ಮತ್ತು ಯಾರ ಮುಖದ ಮೇಲಾದರೂ ಸತ್ಯ ಹೇಳುವ ಗುಣ, ಈ ಮೂರು ಅವರ ಆಸ್ತಿ. ಗುಂಪಿನ ನಿಯಮ ಬರೆದವರೂ ಅವರೇ. ಜಲಪಾತ ಬೇಡ, ಮಂಜು ಬೇಡ, ಕಾಫಿ ಹೂವು ಬೇಡ, ಆನೆ ಬೇಡ. ಪೇಟೆ ಮಾತ್ರ. "ಹೊರಗಿಂದ ಬಂದವರು ಪೇಟೆ ಬಂತು ಅಂತ ಆದ ಕೂಡ್ಲೆ ಕ್ಯಾಮೆರಾ ಬ್ಯಾಗಿಗೆ ಹಾಕ್ತಾರೆ. ನಾವು ಅಲ್ಲಿಂದ ಹೊರಗೆ ತೆಗಿಬೇಕು" ಎನ್ನುವುದು ಅವರ ವಾದ.

ಸೋಮವಾರಪೇಟೆ ನಗರವೇ ಎಂಬ ಬಗ್ಗೆ ಒಂದಿಡೀ ಭಾನುವಾರ ಜಗಳವಾಗಿದೆ. ಸಲೀಮನ ಲೆಕ್ಕದಲ್ಲಿ ಟ್ರಾಫಿಕ್ ಜಾಮ್ ಆಗುವ ಊರೆಲ್ಲ ನಗರ; ಸೋಮವಾರ ಸಂತೆಯ ದಿನ ನಮ್ಮಲ್ಲಿ ಜಾಮ್ ಆಗುತ್ತದೆ, ಹಾಗಾಗಿ ವಾರಕ್ಕೆ ಒಂದು ದಿನ ನಾವು ನಗರವಾಸಿಗಳು. ಪೂವಯ್ಯನವರು, "ಗುರುತು ಇಲ್ಲದ ಮನುಷ್ಯ ಎದುರಿಗೆ ಸಿಕ್ಕಿದ್ರೆ ಅದು ನಗರ" ಎಂದರು. ಹಾಗಾದರೆ ನಮ್ಮಲ್ಲಿ ನಗರ ಇರುವುದು ಬಸ್‌ಸ್ಟ್ಯಾಂಡಿನಲ್ಲಿ ಮಾತ್ರ ಎಂದು ನಾನು ಹೇಳಿದೆ. ಉಳಿದ ಕಡೆ ಎಲ್ಲರೂ ಎಲ್ಲರಿಗೂ ಗೊತ್ತು. ಕನಿಷ್ಠ ಹಾಗೆ ನಾವು ಅಂದುಕೊಂಡಿದ್ದೆವು.

ನನ್ನ ಮಟ್ಟಿಗೆ ನಗರ ಅಂದರೆ ಮೊದಲು ಕಂಡದ್ದು ಒಂದು ಬಟ್ಟೆಯ ಪರದೆ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಪ್ಪ ನಮ್ಮನ್ನೆಲ್ಲ ಹಳ್ಳಿಯಿಂದ ಪೇಟೆಯ ಸ್ಟುಡಿಯೋಕ್ಕೆ ಕರೆದುಕೊಂಡು ಬಂದಿದ್ದರು. ಅಲ್ಲಿನ ಪರದೆಯ ಮೇಲೆ ದೊಡ್ಡ ಪಟ್ಟಣದ ರಸ್ತೆಯೊಂದನ್ನು ಬರೆದಿದ್ದರು: ಸಾಲು ದೀಪದ ಕಂಬಗಳು, ಎತ್ತರದ ಕಟ್ಟಡಗಳು, ಮುಂದೆ ಒಂದು ಕೆಂಪು ಕಾರು. ಸಂತೆಯಲ್ಲಿ ಕೊಂಡ ಹೊಸ ರಿಬ್ಬನ್ ಕಟ್ಟಿಕೊಂಡು ನಾನು ಆ ರಸ್ತೆಯ ನಡುವೆ ನಿಂತೆ. ತಮ್ಮ ಮಾತ್ರ ಕಾರಿನ ಬಾಗಿಲು ತೆಗೆಯಲು ಹೋಗಿ, ಪರದೆ ಅಲುಗಿ, ಇಡೀ ಪಟ್ಟಣ ಅಲೆ ಅಲೆಯಾಗಿ ನಡುಗಿತು. "ಏಯ್, ಮುಟ್ಬೇಡ" ಎಂದು ಸ್ಟುಡಿಯೋದವರು ಗದರಿದರು. ಆ ಫೋಟೋದಲ್ಲಿ ತಮ್ಮ ಅಳುತ್ತಿದ್ದಾನೆ, ಅಮ್ಮ ಅವನ ಕೈ ಹಿಡಿದಿದ್ದಾರೆ, ನಾನು ಮಾತ್ರ ಹುಟ್ಟಿದ್ದೇ ಆ ಬೀದಿಯಲ್ಲಿ ಎನ್ನುವ ಠೀವಿಯಲ್ಲಿ ನಿಂತಿದ್ದೇನೆ. ಆ ಠೀವಿ ಇವತ್ತಿಗೂ ನನ್ನನ್ನು ಪೂರ್ತಿ ಬಿಟ್ಟಿಲ್ಲ.

ಮದುವೆ ಫೋಟೋಗ್ರಾಫರ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೊಸ ಕ್ಯಾಮೆರಾ ಕೊಂಡಾಗ, ಅವನ ಹಳೆಯದನ್ನು ಉದ್ದದ ಜೂಮ್ ಲೆನ್ಸಿನ ಸಮೇತ ನಾನು ಕೊಂಡುಕೊಂಡೆ. ಕೊಂಡು ಏನು ತೆಗೆದೆ ಎನ್ನುತ್ತೀರಿ? ಅಂಗಡಿಯ ಬೋರ್ಡುಗಳನ್ನು. ಅದೂ ತಪ್ಪು ಕನ್ನಡ ಇರುವಂಥವನ್ನು. ಇಪ್ಪತ್ತೆಂಟು ವರ್ಷ ಕಾಪಿ ತಿದ್ದಿದ ಕಣ್ಣು. ಪೇಟೆಯಲ್ಲಿ ನಡೆದರೆ ಒತ್ತಕ್ಷರ ಬಿಟ್ಟುಹೋದದ್ದೇ ಮೊದಲು ಕಾಣುತ್ತದೆ. 'ಸ್ತಿಯರ ಉಡುಪು', 'ಪಂಚೇರ್ ಹಾಕಲಾಗುವುದು'. ಒಂದು ಗೋಡೆಯ ಮೇಲೆ 'ಇಲ್ಲಿ ಮಾತ್ರ ಮಾಡಬಾರದು' ಎಂದಿತ್ತು. ಬರೆದವರು ಮೂತ್ರದ ಕೊಂಬನ್ನು ಕೈಬಿಟ್ಟು ಊರಿಗೆಲ್ಲ ಅನುಮತಿ ಕೊಟ್ಟುಬಿಟ್ಟಿದ್ದರು. ಆ ಫೋಟೋಕ್ಕೆ ಗುಂಪಿನಲ್ಲಿ ಎಲ್ಲರೂ ನಕ್ಕ ಮುಖ ಹಾಕಿದರು. ನಾನು ಉಬ್ಬಿಹೋಗಿ ಆಮೇಲೆ ಎರಡು ವರ್ಷ ಬರೀ ಬೋರ್ಡುಗಳನ್ನೇ ತೆಗೆದೆ.

ಹೀಗಿರುವಾಗ ಹರೀಶ ಗುಂಪಿಗೆ ಬಂದ. ಅವನು ಲೈನ್‌ಮ್ಯಾನ್. ಕರೆಂಟು ಹೋದರೆ ಇಡೀ ಪೇಟೆ ಅವನಿಗೆ ಫೋನ್ ಮಾಡುತ್ತದೆ, ಬಂದ ಮೇಲೆ ಮರೆತುಬಿಡುತ್ತದೆ. ಹೆಚ್ಚು ಮಾತಿಲ್ಲದ, ಸಣ್ಣ ಮೈಯ ಮನುಷ್ಯ. ಅವನು ಹಾಕಿದ ಮೊದಲ ಫೋಟೋ ಸಂತೆಯದು, ಕಂಬದ ತುದಿಯಿಂದ ನೇರ ಕೆಳಕ್ಕೆ ತೆಗೆದದ್ದು. ನೀಲಿ ಟಾರ್ಪಾಲು, ಕಿತ್ತಳೆ ಟಾರ್ಪಾಲು, ಅವುಗಳ ಸಂದಿಯಲ್ಲಿ ಹರಿಯುವ ತಲೆಗಳು, ಹಸಿಮೆಣಸಿನಕಾಯಿ ರಾಶಿಯ ಮೇಲೆ ಬಗ್ಗಿದ ಒಬ್ಬ ಅಜ್ಜಿಯ ಬೆಳ್ಳಿಯಂಥ ಬೈತಲೆ. ಪ್ರತಿ ಸೋಮವಾರ ಕೈಚೀಲ ಹಿಡಿದು ನಾನು ಒಳಹೊಕ್ಕು ಬರುವ ಸಂತೆ ಅದು. ಟೀವಿಯ ಮುಂದೆ ಕೂತ ನನಗೆ ಅದು ಯಾವ ಊರೆಂದೇ ಒಂದು ಕ್ಷಣ ತಿಳಿಯಲಿಲ್ಲ.

"ತಲೆ ಮಾತ್ರ ಉಂಟಲ್ಲ ಹರೀಶ, ಮುಖ ಎಲ್ಲಿ?" ಎಂದರು ಪೂವಯ್ಯನವರು.

"ಮೇಲಿಂದ ತಲೆನೇ ಸಾರ್ ಕಾಣೋದು."

"ಮತ್ತೆ ಎಂತೆಂತ ಕಾಣ್ತದೆ ನಿಂಗೆ?" ಸಲೀಂ ಕಣ್ಣು ಮಿಟುಕಿಸಿ ಕೇಳಿದ.

ಹರೀಶ ನಗಲಿಲ್ಲ. "ಕಂಬ ಹತ್ತಿದ್ರೆ ಎಲ್ಲಾನೂ ಕಾಣುತ್ತೆ ಸಲೀಂ ಭಾಯ್. ಹಿತ್ಲು, ಟೆರೇಸು, ಕಿಟಕಿ. ಜನ ಕೆಳಗಡೆಗೆ ಬೇಲಿ ಹಾಕ್ಕೊಂಡಿರ್ತಾರೆ, ಮೇಲಕ್ಕೆ ಯಾರೂ ಹಾಕ್ಕೊಂಡಿರಲ್ಲ. ಕಂಡಿದ್ದನ್ನೆಲ್ಲ ತೆಗೆಯೋಕಾಗುತ್ತಾ? ನಾನು ಬೀದಿ ಮಾತ್ರ ತೆಗೀತೀನಿ."

ಆ ದಿನ ನನ್ನ ಸರದಿ ಬಂದಾಗ ನಾನು ಮತ್ತೆ ಬೋರ್ಡುಗಳನ್ನು ತೋರಿಸಿದೆ. ಸಲೀಂ, "ಟೀಚರೇ, ನಿಮ್ಮ ಫೋಟೋ ನೋಡಿದ್ರೆ ನಂಗೆ ಹೆದ್ರಿಕೆ ಆಗ್ತದೆ. ನನ್ನ ಬೋರ್ಡಲ್ಲಿ ತಪ್ಪು ಉಂಟಾ?" ಎಂದ. ಇತ್ತು, ಆದರೆ ದಿಲ್‌ಪಸಂದ್ ಬಾಯಲ್ಲಿದ್ದ ಕಾರಣ ನಾನು ಹೇಳಲಿಲ್ಲ. ಪೂವಯ್ಯನವರು ಮಾತ್ರ ಬಿಡಲಿಲ್ಲ. "ಟೀಚರ್, ಬೇಜಾರ್ ಮಾಡ್ಬೇಡಿ. ನೀವು ಪೇಟೆ ನೋಡ್ತಾ ಇಲ್ಲ, ತಿದ್ತಾ ಇದೀರಿ" ಎಂದರು.

ಮನೆಗೆ ಬರುವವರೆಗೂ ಆ ಮಾತು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಚುಚ್ಚಿತು. ಆ ರಾತ್ರಿಯೇ ಪೂವಯ್ಯನವರಿಗೆ ಮೆಸೇಜ್ ಹಾಕಿದೆ: ಮುಂದಿನ ಭಾನುವಾರ ನಿಮ್ಮ ಮಿಲ್ಲಿನ ಟ್ಯಾಂಕು ಹತ್ತಿ ಪೇಟೆ ನೋಡುತ್ತೇನೆ. ಆ ಟ್ಯಾಂಕು ದಿಬ್ಬದ ಮೇಲಿದೆ. ನಾಲ್ಕು ಕಬ್ಬಿಣದ ಕಾಲು, ಮೇಲೆ ಖಾಲಿ ತೊಟ್ಟಿ, ಸುತ್ತ ಕಂಬಿಯ ಕಟಾಂಜನ ಹಾಕಿದ ಎರಡಡಿ ಅಗಲದ ಹಾದಿ. ತುಕ್ಕು ಹಿಡಿದ ನೇರ ಏಣಿ. "ಹರೀಶ ಜೊತೆಗಿದ್ರೆ ಮಾತ್ರ" ಎಂದು ಉತ್ತರ ಬಂತು. ಹರೀಶ ತನ್ನ ಬೆಲ್ಟು, ಹಗ್ಗ ತರುವುದಾಗಿ ಒಪ್ಪಿದ.

ಈಗ ನಮ್ಮ ಮನೆಯವರ ವಿಷಯ ಹೇಳಬೇಕು. ಅವರು ಏಲಕ್ಕಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಅವರಿಗೆ ಚಿಕ್ಕಂದಿನಿಂದ ಉಗ್ಗು. ಮಾತು ಸಿಕ್ಕಿಕೊಂಡಾಗ ಬಲಗಣ್ಣು ಮುಚ್ಚಿಹೋಗುತ್ತದೆ, ಕತ್ತಿನ ನರ ಉಬ್ಬುತ್ತದೆ, ಕೈ ತೊಡೆಯನ್ನು ತಟ್ಟುತ್ತದೆ. ರೈಟರ್ ಕೆಲಸದಲ್ಲಿ ಬರೆಯುವುದೇ ಹೆಚ್ಚು, ಹಾಗಾಗಿ ಹೇಗೋ ನಡೆಯಿತು. ಮನೆಯಲ್ಲಿ "ಹ್ಞೂಂ" ಮತ್ತು "ಆಯ್ತು" ಎಂಬ ಎರಡು ಪದಗಳಲ್ಲಿ ಸಂಸಾರ ನಡೆಯಿತು. ಒಳ್ಳೆಯ ಮನುಷ್ಯ, ಮಾತು ಕಡಿಮೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಶನಿವಾರ ರಾತ್ರಿ ಊಟ ಬಡಿಸುತ್ತ ಟ್ಯಾಂಕು ಹತ್ತುವ ಸುದ್ದಿ ಹೇಳಿದೆ. ಅವರು ತಲೆ ಎತ್ತಿದರು. "ಬಿ... ಬಿ..." ಎಂದರು.

"ಬೀಳ್ತೀನಿ ಅಂತಾನಾ? ಬೀಳಲ್ಲ, ಹರೀಶ ಬೆಲ್ಟ್ ಹಾಕ್ತಾನಂತೆ" ಎಂದೆ.

ಅವರು ನನ್ನ ಮುಖ ನೋಡಿ, "ಹ್ಞೂಂ" ಎಂದು ಸಾರಿಗೆ ಕೈ ಹಾಕಿದರು.

ಭಾನುವಾರ ಎಂಟು ಗಂಟೆಗೆ ಮಿಲ್ಲಿಗೆ ಹೋದೆ. ಮೆಣಸು ಕೊಯ್ಲಿನ ಸಮಯ. ಆಕಾಶ ತೊಳೆದಿಟ್ಟ ಹಾಗಿತ್ತು. ಹರೀಶ ನನ್ನ ಸೊಂಟಕ್ಕೆ ಬೆಲ್ಟು ಬಿಗಿದು, "ಕೆಳಗೆ ನೋಡ್ಬೇಡಿ ಟೀಚರೇ. ಮೇಲಕ್ಕೂ ನೋಡ್ಬೇಡಿ. ನಿಮ್ಮ ಕೈ ನೋಡ್ಕೊಂಡು ಹತ್ತಿ" ಎಂದ. ಮೊದಲ ಹತ್ತು ಮೆಟ್ಟಿಲು ನಾನು ಎವರೆಸ್ಟ್ ಹತ್ತಿದ ತೇನ್‌ಸಿಂಗನ ತಂಗಿಯ ಹಾಗೆ ಹತ್ತಿದೆ. ಹನ್ನೊಂದನೆಯದರಲ್ಲಿ ಮೊಣಕಾಲುಗಳು ತಮ್ಮದೇ ತೀರ್ಮಾನ ತೆಗೆದುಕೊಂಡವು. ಅಲ್ಲಿಂದ ಮೇಲಕ್ಕೆ ಮೊಣಕಾಲನ್ನು ಏಣಿಗೆ ಒತ್ತಿ ಒತ್ತಿ, ನನಗೆ ಗೊತ್ತಿರುವ ದೇವರನ್ನೆಲ್ಲ ಕರೆದು, ಕೊನೆಗೆ ಒಂದರಿಂದ ಮಗ್ಗಿ ಹೇಳುತ್ತ ಹತ್ತಿದೆ. ಹದಿಮೂರರ ಮಗ್ಗಿಯಲ್ಲಿ ಕಟಾಂಜನ ಕೈಗೆ ಸಿಕ್ಕಿತು. ಹರೀಶ ಹಗ್ಗವನ್ನು ಕಂಬಿಗೆ ಬಿಗಿದು, "ಈಗ ನೋಡಿ" ಎಂದ.

ನಾನು ನೋಡಿದೆ.

ಇಷ್ಟೇನಾ ನಮ್ಮೂರು ಎಂದು ಮೊದಲು ಅನಿಸಿತು. ಮರುಕ್ಷಣವೇ, ಇಷ್ಟೊಂದಾ ಎಂದೂ ಅನಿಸಿತು. ಇಪ್ಪತ್ತೆಂಟು ವರ್ಷ ನಾನು ಮನೆಯಿಂದ ಶಾಲೆಗೆ ನಡೆದ ದಾರಿ ಒಂದು ಗೇಣಿನಲ್ಲಿ ಮುಗಿದುಹೋಯಿತು. ಆದರೆ ಆ ಒಂದು ಗೇಣಿನ ಆಚೀಚೆ ನಾನು ಒಮ್ಮೆಯೂ ಹೊಕ್ಕಿರದ ಎಷ್ಟು ಓಣಿಗಳು! ಹಂಚಿನ ಮಾಡು, ತಗಡಿನ ಮಾಡು, ಬಾವಿಯ ಕಟ್ಟೆ, ತೊಂಡೆಯ ಚಪ್ಪರ, ಯಾರದೋ ಟೆರೇಸಿನಲ್ಲಿ ಮುರಿದ ತೊಟ್ಟಿಲಲ್ಲಿ ಬೆಳೆಸಿದ ಕೊತ್ತಂಬರಿ. ಮನೆಗಳು ಮುಗಿದಲ್ಲಿ ಕಾಫಿ ತೋಟ, ಅದರ ಮೇಲೆ ಸಿಲ್ವರ್ ಮರಗಳು, ಅದರಾಚೆ ನೀಲಿ ಬೆಟ್ಟಗಳ ಸಾಲು. ಬೆಟ್ಟಗಳು ಪೇಟೆಯನ್ನು ಬೊಗಸೆಯಲ್ಲಿ ಎತ್ತಿ ಹಿಡಿದ ಹಾಗಿತ್ತು. ಚರ್ಚಿನ ಗಂಟೆ, ಯಾರದೋ ಕುಕ್ಕರಿನ ಸೀಟಿ, ಬಸ್ಸಿನ ಹಾರ್ನು, ಎಲ್ಲವೂ ಬೇರೆ ಬೇರೆಯಾಗಿ ನನ್ನ ತನಕ ಹತ್ತಿ ಬರುತ್ತಿದ್ದವು.

ಒಂದು ಓಣಿಯಲ್ಲಿ ಹೆಂಗಸೊಬ್ಬಳು ಕೊಡ ಹಿಡಿದು ಬರುತ್ತಿದ್ದಳು. ತಿರುವಿನ ಆಚೆಯಿಂದ ಒಬ್ಬ ಮುದುಕರು ಕೋಲೂರಿಕೊಂಡು ಬರುತ್ತಿದ್ದರು. ಅವಳಿಗೆ ಅವರು ಕಾಣುತ್ತಿರಲಿಲ್ಲ, ಅವರಿಗೆ ಅವಳು ಕಾಣುತ್ತಿರಲಿಲ್ಲ. ಇಬ್ಬರೂ ಈಗ ಎದುರಾಗುತ್ತಾರೆ ಎಂದು ಇಡೀ ಲೋಕದಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ಎದುರಾದರು. ಅವಳು ಕೊಡ ಕೆಳಗಿಟ್ಟು ಅವರ ಕಾಲು ಮುಟ್ಟಿದಳು. ಕ್ಯಾಮೆರಾ ಕೊರಳಲ್ಲಿದೆ ಎನ್ನುವುದೂ ನೆನಪಾಗಲಿಲ್ಲ.

"ತೆಗೀರಿ ಟೀಚರೇ, ಬಿಸ್ಲು ಏರಿದ್ರೆ ಚೆನ್ನಾಗ್ ಬರಲ್ಲ" ಎಂದ ಹರೀಶ. ಆಗ ತೆಗೆಯತೊಡಗಿದೆ. ಬಸ್‌ಸ್ಟ್ಯಾಂಡು, ಸಂತೆಯ ಖಾಲಿ ಕಟ್ಟೆಗಳು, ನಮ್ಮ ಶಾಲೆಯ ಮೈದಾನದಲ್ಲಿ ಸುಣ್ಣದಲ್ಲಿ ಎಳೆದ ಖೋಖೋ ಗೆರೆಗಳು. ಆಮೇಲೆ ಎಲ್ಲರೂ ಮಾಡುವ ಹಾಗೆ ನನ್ನ ಮನೆ ಎಲ್ಲಿದೆ ಎಂದು ಹುಡುಕಿದೆ.

ಸಿಕ್ಕಿತು. ನಮ್ಮ ಟೆರೇಸಿನ ಮೇಲೆ ಕಾಳುಮೆಣಸು ಒಣಹಾಕಿದ ಚಾಪೆ. ಚಾಪೆಯ ಪಕ್ಕ ಒಬ್ಬರು ನಿಂತಿದ್ದರು. ಜೂಮ್ ಎಳೆದೆ.

ನಮ್ಮ ಮನೆಯವರು. ಎಡಗೈಯಲ್ಲಿ ಪೇಪರು, ಬಲಗೈ ಗಾಳಿಯಲ್ಲಿ. ಅವರು ಮಾತಾಡುತ್ತಿದ್ದರು. ಓದುತ್ತಿದ್ದರು ಅನ್ನಬೇಕೋ, ಭಾಷಣ ಅನ್ನಬೇಕೋ. ಒಂದು ಸಾಲು ಓದಿ ತಲೆ ಎತ್ತುತ್ತಾರೆ, ಎದುರಿಗೆ ನೂರು ಜನ ಕೂತಿದ್ದಾರೋ ಎನ್ನುವ ಹಾಗೆ ಬಲಕ್ಕೆ, ಎಡಕ್ಕೆ ನೋಡುತ್ತಾರೆ, ಮತ್ತೆ ಓದುತ್ತಾರೆ. ಬಾಯಿ ಅಗಲವಾಗಿ ತೆರೆಯುತ್ತದೆ, ಮುಚ್ಚುತ್ತದೆ, ಎಲ್ಲೂ ನಿಲ್ಲುವುದಿಲ್ಲ. ನಾನು ಬಲಗಣ್ಣು ನೋಡಿದೆ. ತೆರೆದೇ ಇತ್ತು. ಕತ್ತು ನೋಡಿದೆ. ನರ ಉಬ್ಬಿರಲಿಲ್ಲ. ತೊಡೆ ತಟ್ಟುವ ಕೈ ಗಾಳಿಯಲ್ಲಿ ತಾಳ ಹಾಕುತ್ತಿತ್ತು. ಒಂದು ಶಬ್ದವೂ ನನಗೆ ಕೇಳುತ್ತಿರಲಿಲ್ಲ. ಆದರೆ ಆ ತುಟಿಗಳಿಂದ ಮಾತು ಕಾಲುವೆಗೆ ಬಿಟ್ಟ ನೀರಿನ ಹಾಗೆ ಹರಿಯುತ್ತಿದ್ದದ್ದು ಕಣ್ಣಿಗೆ ಕಾಣುತ್ತಿತ್ತು.

ಅಷ್ಟು ಚಂದದ ಮನುಷ್ಯ ಎಂದು ನನಗೆ ಗೊತ್ತಿರಲಿಲ್ಲ. ಭಯವೇ ಆಯಿತು ಅನ್ನಿ. ಬೆರಳು ತಾನಾಗಿ ಒತ್ತಿಬಿಟ್ಟಿತು. ಒಂದೇ ಒಂದು ಫೋಟೋ.

ಪಕ್ಕದಲ್ಲಿ ಹರೀಶ ಬೆಟ್ಟದ ಕಡೆ ಮುಖ ತಿರುಗಿಸಿಕೊಂಡು ನಿಂತಿದ್ದ. "ನೀನು ನೋಡಿದೆಯಾ?" ಎಂದೆ.

ಅವನು ಹಗ್ಗದ ಗಂಟನ್ನು ಮತ್ತೊಮ್ಮೆ ಎಳೆದು ನೋಡಿದ. "ಎರಡು ವರ್ಷದಿಂದ ನೋಡ್ತಿದೀನಿ ಟೀಚರೇ. ನಿಮ್ಮ ಬೀದಿ ಕಂಬ ಹತ್ತಿದಾಗೆಲ್ಲ. ನೀವು ಶಾಲೆಗೆ ಹೋದ ಮೇಲೆ ಬರ್ತಾರೆ. ನಾನು ಕಂಬದ ಮೇಲಿರೋದು ಅವ್ರಿಗೆ ಗೊತ್ತಾಗ್ಬಾರ್ದು ಅಂತ, ಓದಿ ಮುಗಿಸೋವರ್ಗೂ ಅಲ್ಲಾಡ್ದಂಗೆ ಕೂತಿರ್ತೀನಿ."

"ಒಂದು ಮಾತು ಹೇಳಬಾರದಿತ್ತಾ?"

"ನಾನು ಹೇಳೋ ವಿಷ್ಯ ಅಲ್ಲ ಅದು."

ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಎಂದಿನಂತೆ "ಹ್ಞೂಂ" ಎಂದರು, "ಆಯ್ತು" ಎಂದರು. ನಾನು ಅವರ ಬಾಯಿಯನ್ನೇ ನೋಡುತ್ತ ಕೂತಿದ್ದರಿಂದ, ಮುಖಕ್ಕೆ ಅನ್ನ ಅಂಟಿದೆಯೇನೋ ಎಂದು ಅವರು ಎರಡು ಸಲ ಒರೆಸಿಕೊಂಡರು.

ಆ ಫೋಟೋ ಅಳಿಸಬೇಕಿತ್ತು, ಮನಸ್ಸು ಬರಲಿಲ್ಲ. ನಾಲ್ಕು ಗಂಟೆಗೆ ಬೇಕರಿಗೆ ಹೋದಾಗ ಸಲೀಂ ಎಂದಿನ ಹಾಗೆ ಕೈ ಚಾಚಿದ, ನಾನು ಎಂದಿನ ಹಾಗೆ ಕ್ಯಾಮೆರಾದ ಕಾರ್ಡು ಕೊಟ್ಟುಬಿಟ್ಟೆ. ಒಂದೊಂದೇ ಫೋಟೋ ಟೀವಿಯಲ್ಲಿ ಬಂತು. ಪೂವಯ್ಯನವರು, "ಈಗ ನೋಡಿ, ಈಗ ನೀವು ಪೇಟೆ ನೋಡಿದ್ದು" ಎಂದು ತೊಡೆ ತಟ್ಟಿಕೊಂಡರು. ಹೊಗಳಿಕೆಗೆ ಬಾಯಿ ಬಿಟ್ಟು ಕೂತಿದ್ದ ನನಗೆ ಮುಂದೇನು ಬರುತ್ತದೆ ಎಂದು ನೆನಪಾಗುವಷ್ಟರಲ್ಲಿ ಸಲೀಂ ಮುಂದಿನದನ್ನು ಒತ್ತಿಯಾಗಿತ್ತು.

ಟೀವಿಯ ತುಂಬ ಅವರು. ಕೈ ಎತ್ತಿ, ಬಾಯಿ ತೆರೆದು, ಬೆಳಗಿನ ಬಿಸಿಲಿನಲ್ಲಿ ನಿಂತವರು. ಹಿಂದೆ ಇಡೀ ಪೇಟೆಯ ಮಾಡುಗಳು.

ಪೂವಯ್ಯನವರು ನಿಧಾನವಾಗಿ ಎದ್ದು ಟೀವಿಯ ಹತ್ತಿರ ಹೋದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದು ಫೋಟೋ" ಎಂದರು. "ಇದಕ್ಕೆ ನಾನು ಎಂತ ಹೇಳೋದು... ಯಾರು ಟೀಚರ್ ಇವರು? ನಾಟಕದವರಾ?"

ನಾನು ಸಲೀಮನ ಮುಖ ನೋಡಿದೆ. ದಿನಾ ಸಂಜೆ ನಮ್ಮ ಮನೆಯವರಿಗೆ ಬನ್ನು ಕಟ್ಟಿಕೊಡುವವನು ಅವನು. "ಎಲ್ಲೋ ನೋಡಿದ ಹಾಗೆ ಉಂಟು. ಆದ್ರೆ ನಮ್ಮ ಊರಿನವರು ಅಲ್ಲ" ಎಂದ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಪೇಟೆ ನಮ್ಮದು!

ಹರೀಶ ನೆಲ ನೋಡುತ್ತಿದ್ದ. ಹೌದು, ನಮ್ಮೆಜಮಾನರು ಎಂದುಬಿಡಲು ನಾಲಿಗೆ ತುದಿಗೆ ಬಂತು. ಎಂಥ ಹೆಮ್ಮೆಯ ಮಾತು ಅದು! ಆದರೆ ಹೇಳಲು ಅದು ನನ್ನದೇ?

"ಅದನ್ನ ಗ್ರೂಪಿಗೆ ಹಾಕಿ ಟೀಚರ್. ಎಲ್ಲರೂ ನೋಡಲಿ" ಎಂದರು ಪೂವಯ್ಯನವರು.

"ಇಲ್ಲ ಸಾರ್. ಅವರನ್ನ ಕೇಳದೆ ತೆಗೆದುಬಿಟ್ಟೆ. ಮೊದಲು ಅವರಿಗೆ ತೋರಿಸಬೇಕು" ಎಂದು ಎದ್ದು, ಕಾರ್ಡು ತೆಗೆದುಕೊಂಡು ಹೊರಟೆ. ಮುಖದ ಮೇಲೆ ಮಾತಾಡುವ ಪೂವಯ್ಯನವರು ಬಾಗಿಲವರೆಗೆ ಬಂದು, "ಸರಿ" ಎಂದರು ಅಷ್ಟೆ.

ಮನೆಗೆ ಬಂದು ಅವರ ಮುಂದೆ ಕ್ಯಾಮೆರಾ ಇಟ್ಟೆ. ನೋಡಿದರು. ಮುಖ ಕೆಂಪಾಯಿತು. ನಾನು ಬೇಕರಿಯಲ್ಲಿ ಆದದ್ದನ್ನೂ ಮುಚ್ಚಿಡದೆ ಹೇಳಿದೆ: ಮೂರು ಜನ ನೋಡಿದ್ದಾರೆ, ಇಬ್ಬರಿಗೆ ಗುರುತು ಸಿಗಲಿಲ್ಲ. ಅವರು ಎದ್ದು ಒಳಗೆ ಹೋದರು. ಸೋಮವಾರ ಮೆಣಸಿನ ಚಾಪೆ ಅಂಗಳಕ್ಕೆ ಇಳಿಯಿತು. ಮಂಗಳವಾರ ಟೆರೇಸಿನ ಬಾಗಿಲಿಗೆ ಚಿಲಕ ಬಿತ್ತು. ಒಬ್ಬ ಮನುಷ್ಯನಿಗೆ ಇಡೀ ಊರಿನಲ್ಲಿ ಸಿಕ್ಕಿದ್ದ ಒಂದೇ ಒಂದು ಜಾಗವನ್ನು ನಾನು ಕಿತ್ತುಕೊಂಡಿದ್ದೆ. ಹರೀಶ ಎರಡು ವರ್ಷ ಅಲ್ಲಾಡದೆ ಕೂತು ಕಾಯ್ದದ್ದನ್ನು ನಾನು ಒಂದು ಬೆರಳಿನಲ್ಲಿ ಕೆಡಿಸಿದ್ದೆ. ಆ ಎರಡು ದಿನ ಶಾಲೆಯಲ್ಲಿ ನನಗೆ ಒಂದು ತಪ್ಪೂ ಕಣ್ಣಿಗೆ ಬೀಳಲಿಲ್ಲ. ಕಾಪಿಗಳಿಗೆಲ್ಲ ಸುಮ್ಮನೆ ಸಹಿ ಹಾಕಿದೆ.

ಮಂಗಳವಾರ ಸಂಜೆ ನಾನು ಕಾಫಿ ಕೊಟ್ಟು ತಿರುಗುವಾಗ ಅವರು, "ಆ... ಆ..." ಎಂದರು.

'ಆಯ್ತಾ ಅಡುಗೆ?' ಎಂದು ನನ್ನ ಬಾಯಿಗೆ ಬಂದಿತ್ತು. ಆಗ ನನಗೆ ಹೊಳೆಯಿತು. ಮದುವೆಯಾದಾಗಿನಿಂದ ನಾನು ಮಾಡುತ್ತಿದ್ದದ್ದು ಇದನ್ನೇ. ಅವರ ಪ್ರತಿ ಮಾತಿನ ಬಾಲವನ್ನೂ ನಾನೇ ಜೋಡಿಸಿ ಕೊಟ್ಟಿದ್ದೆ, ಮಕ್ಕಳ ಕಾಪಿಯಲ್ಲಿ ಬಿಟ್ಟ ಜಾಗ ತುಂಬಿದ ಹಾಗೆ. ಸಹಾಯ ಎಂದುಕೊಂಡಿದ್ದೆ. ಬಾಯಿ ಮುಚ್ಚಿಕೊಂಡು ನಿಂತೆ. ಬಹಳ ಹೊತ್ತಾಯಿತು. ಕಾಫಿಯ ಹಬೆ ಹೋಯಿತು.

"ಆ ಫೋಟೋ... ಇನ್ನೊಂದ್ಸಲ ತೋರ್ಸು" ಎಂದರು.

ತಂದುಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ನೋಡಿದರು. ದೊಡ್ಡದು ಮಾಡುವುದು ಹೇಗೆ ಎಂದು ಕೇಳಿ, ತಮ್ಮ ಬಾಯಿಯನ್ನು ದೊಡ್ಡದು ಮಾಡಿಕೊಂಡು ನೋಡಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಅವರಿಗೂ ಅದು ಹೊಸ ಮನುಷ್ಯನ ಹಾಗೆ ಕಾಣುತ್ತಿತ್ತೇನೋ.

"ನಾ... ನಾನು ಮಾತಾಡೋವಾಗ ಕನ್ನಡಿ ನೋಡಿದೋನಲ್ಲ" ಎಂದರು ತಡೆ ತಡೆದು. "ಹಿಂ... ಹಿಂಗಿರುತ್ತಾ?"

"ಹಿಂಗೇ ಇತ್ತು. ನಾನು ಕಣ್ಣಾರೆ ನೋಡಿದೆ."

"ಮೇಲೆ ಯಾರೂ ಇರಲ್ಲ. ಅ... ಅಲ್ಲಿ ಸಿಕ್ಕಿಕೊಳ್ಳಲ್ಲ."

"ನನ್ನದು ತಪ್ಪಾಯ್ತು. ಫೋಟೋ ತೆಗೆದಿದ್ದೂ ತಪ್ಪು. ನಿಮ್ಮ ಮಾತೆಲ್ಲ ನಾನೇ ಆಡಿಬಿಟ್ಟಿದ್ದೂ ತಪ್ಪು" ಎಂದೆ.

ಅವರು ಕ್ಯಾಮೆರಾ ಕೆಳಗಿಟ್ಟು ಸ್ವಲ್ಪ ನಕ್ಕರು. "ಅವತ್ತು ಊಟಕ್ಕೆ ಕೂತಾಗ ನಾನು ಬೀ... ಬೀಳ್ತೀಯ ಅಂತ ಹೇಳೋಕೆ ಹೊರಟಿದ್ದಲ್ಲ. ಬಿ... ಬಿಸಿಲು ಏರೋ ಮುಂಚೆ ಹೋಗು, ಬೆಳಕು ಚೆನ್ನಾಗಿರುತ್ತೆ ಅಂತ."

ನಾನು ಅಲ್ಲೇ ಕುಕ್ಕರಿಸಿಬಿಟ್ಟೆ. ಇಷ್ಟು ವರ್ಷದಲ್ಲಿ ಇಂಥ ಎಷ್ಟು ಮಾತುಗಳಿಗೆ ನಾನು ತಪ್ಪು ಬಾಲ ಹಚ್ಚಿದ್ದೇನೋ ಲೆಕ್ಕ ಇಡುವವರು ಯಾರು? ಫೋಟೋ ಗುಂಪಿಗೆ ಹಾಕಲೇ ಎಂದು ಕೇಳಿದೆ. ಬೇಡ ಎಂದರು. ಅಳಿಸಲೇ ಎಂದು ಕೇಳಿದೆ. ಅದೂ ಬೇಡ ಎಂದರು.

ಮಾರನೆಯ ದಿನ ಬೆಳಿಗ್ಗೆ ನಾನು ಒಲೆಯ ಮುಂದೆ ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಅವರು ಪೇಪರು ಹಿಡಿದು ಅಡುಗೆಮನೆಗೆ ಬಂದು ನನ್ನ ಬೆನ್ನಹಿಂದೆ ನಿಂತರು. ಗಂಟಲು ಸರಿಮಾಡಿಕೊಂಡರು. ಹವಾಮಾನದ ಸುದ್ದಿ ಓದತೊಡಗಿದರು. ದನಿ ಮೊದಲು ಸಣ್ಣಗಿತ್ತು. ಎರಡು ಸಾಲು ಸರಾಗ ಹೋಯಿತು. ಮೂರನೆಯ ಸಾಲಿನಲ್ಲಿ 'ಮೋಡ' ಎಂಬ ಪದ ಬಂದು, "ಮೋ... ಮೋ..." ಎಂದು ನಿಂತುಹೋಯಿತು.

ನನ್ನ ನಾಲಿಗೆಯ ಮೇಲೆ ಆ ಪದ ಪೂರ್ತಿಯಾಗಿ ಕೂತಿತ್ತು. ನುಂಗಿಕೊಂಡೆ. ತಿರುಗಿ ನೋಡಲಿಲ್ಲ. ರೊಟ್ಟಿಯ ಒಂದು ಅಂಚು ಕಪ್ಪಾಯಿತು, ವಾಸನೆ ಬಂತು, ಕೈ ಆಡಿಸಲಿಲ್ಲ. ಹೊರಗೆ ಪಕ್ಕದ ಮನೆ ಮಕ್ಕಳ ಶಾಲೆಯ ಆಟೋ ಬಂದು ಹಾರ್ನ್ ಹೊಡೆಯಿತು.

"ಮೋಡ ಕವಿದ ವಾತಾವರಣವಿರುತ್ತದೆ" ಎಂದು ಅವರು ಓದಿದರು. ಮುಂದಿನ ಸಾಲಿಗೆ ಹೋದರು.